ಐನೂರು ಪ್ರತಿಯ ಬೀಳ್ಕೊಡುಗೆ

"ಮೇಡಂ, ನಾನು ಯಾವಾಗ ಹೊರಟೆ?"

ಆಫೀಸಿನ ಬಾಗಿಲಲ್ಲಿ ನಿಂತು ಹೀಗೆ ಕೇಳಿದವನು ನಮ್ಮ ಬೈಂಡಿಂಗ್ ಮೇಸ್ತ್ರಿ. ಕೈಯಲ್ಲೊಂದು ಹಾಳೆ. ನಾನೇ ಬರೆದ ಹಾಳೆ.

ನಮ್ಮದು ಮುದ್ರಣ ಮುಗಿದ ಮೇಲಿನ ಕೆಲಸ. ಬೇರೆ ಪ್ರೆಸ್ಸುಗಳಲ್ಲಿ ಅಚ್ಚಾಗಿ ಬಂದ ಹಾಳೆಗಳನ್ನು ಮಡಚಿ, ಹೊಲಿದು, ಅಂಟು ಹಾಕಿ, ಅಂಚು ಕತ್ತರಿಸಿ ಪುಸ್ತಕ ಮಾಡಿ ಕೊಡುತ್ತೇವೆ. ಮಾಲೀಕರು ನನ್ನ ಚಿಕ್ಕಪ್ಪ. ಆಫೀಸಿನ ಫೋನು, ಗಿರಾಕಿಗಳ ಸಿಡುಕು ನನ್ನ ಪಾಲು. ಮೂರು ತಿಂಗಳಿಗೊಮ್ಮೆ ಗಿರಾಕಿಗಳಿಗೆ ಕಳಿಸುವ ಸುದ್ದಿ ಹಾಳೆಯೂ ನನ್ನದೇ. ಹೊಸ ಲ್ಯಾಮಿನೇಷನ್ ಮಷೀನು ಬಂದಿದೆ, ಸ್ಪೈರಲ್ ಬೈಂಡಿಂಗ್ ಇನ್ನು ಒಂದೇ ದಿನದಲ್ಲಿ, ಇಂಥ ಸಮಾಚಾರ. ಉದ್ದದ ಹಾಳೆ, ಎರಡು ಮಡಿಕೆ, ಮೂರು ಭಾಗ. ಈ ಸಲದ ಮೂರನೇ ಭಾಗ ಹೀಗೆ ಶುರುವಾಗುತ್ತಿತ್ತು: "ನಮ್ಮ ಕೈಹೊಲಿಗೆಯ ಮೇಸ್ತ್ರಿ ಮುಂದಿನ ತಿಂಗಳು ನಮ್ಮನ್ನು ಬಿಟ್ಟು ಹೊರಡುತ್ತಿದ್ದಾರೆ."

ಐನೂರು ಪ್ರತಿ ಅಚ್ಚಾಗಿ ಬಂದಿದ್ದವು. ಮಡಚುವವನು ಅವನೇ, ಎಲ್ಲರಿಗಿಂತ ಮೊದಲು ಓದುವವನೂ ಅವನೇ. ಅದು ಗೊತ್ತಿದ್ದೇ ಬರೆದಿದ್ದೆ. ಎದುರಿಗೆ ನಿಂತು ಹೇಳುವ ಧೈರ್ಯವಿಲ್ಲದವಳು ಐನೂರು ಜನರ ಮುಂದೆ ಹೇಳಿದ್ದೆ, ನನ್ನ ಬುದ್ಧಿಗೆ ಏನನ್ನಬೇಕೋ!

"ಚಿಕ್ಕಪ್ಪ ಹೇಳಿದ್ರು," ಎಂದೆ. "ಆ ದೊಡ್ಡ ಬೈಂಡಿಂಗ್ ಕಂಪನಿಯಿಂದ ನಿಮ್ಮ ಬಗ್ಗೆ ವಿಚಾರಿಸಿ ಫೋನ್ ಬಂದಿತ್ತಂತೆ. ಇವನು ಹೋದ ಹಾಗೇ ಲೆಕ್ಕ ಅಂದ್ರು."

"ಕರೆದಿರೋದು ನಿಜ. ಇವತ್ತು ಐದು ಗಂಟೆಗೆ ಫೋನ್ ಮಾಡ್ತಾರೆ, ಉತ್ತರ ಹೇಳ್ಬೇಕು. ಆದ್ರೆ ನಾನಿನ್ನೂ ಏನೂ ಹೇಳಿಲ್ಲ."

"ಯಾಕೆ?"

"ಇಲ್ಲಿ ಒಬ್ಬರನ್ನ ಕೇಳ್ಬೇಕಿತ್ತು. ಕೇಳೋಕೆ ಧೈರ್ಯ ಸಾಲ್ದೆ ಎರಡು ವಾರ ಕಳೀತು. ಈಗ ನೋಡಿದ್ರೆ ಅವರೇ ಅಚ್ಚು ಹಾಕಿಸಿ ಬೀಳ್ಕೊಟ್ಟಿದ್ದಾರೆ."

ನನ್ನ ಕಿವಿ ಬಿಸಿಯಾಯಿತು. ಗೋಡೆ ಗಡಿಯಾರದಲ್ಲಿ ಮೂರೂವರೆ.

ಅವನು ಬಾಗಿಲಿಗೊರಗಿ ಓದತೊಡಗಿದ. "'ಇವರು ಹೊಲಿದ ಪುಸ್ತಕವನ್ನು ತೆರೆದಿಟ್ಟರೆ ತಾನಾಗಿ ಮುಚ್ಚಿಕೊಳ್ಳುವುದಿಲ್ಲ.' ಸರಿ, ಒಪ್ಪಿದೆ. 'ದಾರವನ್ನು ಹಲ್ಲಲ್ಲಿ ಕಚ್ಚಿಕೊಂಡೇ ಹಾಡು ಗುನುಗುತ್ತಾರೆ.' ಇದು ಗಿರಾಕಿಗಳಿಗೆ ಯಾಕೆ ಮೇಡಂ?"

"ಸುದ್ದಿ ಅಲ್ವಾ."

"'ಎಡಗೈ ಹೆಬ್ಬೆರಳಲ್ಲಿ ಸೂಜಿ ಚುಚ್ಚಿದ ಗುರುತು ಏಳು.' ಎಣಿಸಿದ್ದು ಯಾವಾಗ?"

"ಹಾಜರಿ ಪುಸ್ತಕಕ್ಕೆ ಸಹಿ ಹಾಕ್ತೀರಲ್ಲ, ಆವಾಗ."

"ಸಹಿ ಬಲಗೈಲಿ ಹಾಕ್ತೀನಿ."

"ಎಡಗೈ ಮೇಜಿನ ಮೇಲಿರತ್ತೆ."

ಅವನ ತುಟಿಯ ಒಂದು ತುದಿ ಮಾತ್ರ ನಕ್ಕಿತು. ನಂತರ ಹಾಳೆಯ ಕೆಳಭಾಗಕ್ಕೆ ಬೆರಳಿಟ್ಟ. ಕೂದಲೆಳೆಯಷ್ಟು ಸೊಟ್ಟಗಿದ್ದರೂ ಹಿಡಿಯುವ ಕಣ್ಣು ಅದು.

"ಉಳಿದ ಎರಡು ಭಾಗ ಕೆಳಗಿನವರೆಗೂ ತುಂಬಿವೆ. ಇಲ್ಲಿ ಒಂದು ಸಾಲಿನ ಜಾಗ ಖಾಲಿ. ಏನೋ ತೆಗೆದಿದ್ದೀರಿ."

ಪ್ರೂಫ್ ನೋಡುವಾಗ ತೆಗೆದಿದ್ದೆ.

"ಏನಿತ್ತು?"

"ನೆನಪಿಲ್ಲ."

ಅವನ ಮುಖದಲ್ಲಿದ್ದ ಅಷ್ಟಿಷ್ಟು ನಗುವೂ ಆರಿತು. "ಸರಿ ಮೇಡಂ. ಹಾಗಾದ್ರೆ ಐದಕ್ಕೆ ಹೂಂ ಅಂತೀನಿ," ಎಂದು ಹೊರಟುಹೋದ.

ಕೂತೆ. ಮಡಚುವ ಮಷೀನಿನ ಸದ್ದಿಗಾಗಿ ಕಿವಿಗೊಟ್ಟು ಕೂತೆ. ಸದ್ದಿಲ್ಲ. ಮುಂದಿನ ತಿಂಗಳಿಂದ ಆ ಗುನುಗೂ ಇರುವುದಿಲ್ಲ. ನನಗೆ ಅವನು ಬೇಕಿತ್ತು, ಇಷ್ಟೇ ವಿಷಯ. ಇದನ್ನು ಹೇಳಲು ಸುದ್ದಿ ಹಾಳೆ ಯಾಕೆ ಬೇಕಿತ್ತು? ಎದ್ದು ಮೆಟ್ಟಿಲಿಳಿದೆ.

ಹಾಳೆಗಳ ದಿಂಡಿನ ಪಕ್ಕ ಅವನು ಸುಮ್ಮನೆ ನಿಂತಿದ್ದ.

"ಮೂರನೇ ಭಾಗ ಕತ್ತರಿಸಿಬಿಡಿ," ಎಂದೆ.

"ಅದರ ಹಿಂದ್ಗಡೆ ನಮ್ಮ ವಿಳಾಸ, ಫೋನ್ ನಂಬರ್ ಇದೆ. ಅವೂ ಹೋಗ್ತವೆ."

"ಹೋಗ್ಲಿ."

"ನಿಮ್ಮ ಚಿಕ್ಕಪ್ಪ ಸುಮ್ನೆ ಬಿಡಲ್ಲ."

"ನಾನು ನೋಡ್ಕೋತೀನಿ."

ಅವನು ದಿಂಡನ್ನು ಕುಟ್ಟಿ ಅಂಚು ಸಮ ಮಾಡಿ, ಕಟಿಂಗ್ ಮಷೀನಿನ ಅಲಗಿನಡಿ ಸರಿಸಿ, ಅಳತೆ ನೋಡಿ ಹಿಂದೆ ಸರಿದ. "ಒತ್ತಿ."

"ನಾನಾ?"

"ಬರೆದವರು ನೀವೇ ತಾನೆ?"

ಆ ಮಷೀನಿಗೆ ಎರಡು ಬಟನ್, ಒಂದು ಈ ತುದಿಗೆ, ಒಂದು ಆ ತುದಿಗೆ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯುತ್ತದೆ. ಯಾರ ಕೈಯೂ ಅಡಿಯಲ್ಲಿ ಸಿಕ್ಕಿಕೊಳ್ಳದಿರಲಿ ಎಂದು ಹಾಗೆ ಮಾಡಿದ್ದಾರೆ. ಬಲಗೈ ಇಟ್ಟೆ. ಎಡಗೈ ಹಿಂದೆಮುಂದೆ ನೋಡಿತು.

"ಎರಡೂ ಕೈ ಬೇಕು ಮೇಡಂ. ಅರ್ಧ ಮನಸ್ಸಿಗೆಲ್ಲ ಇದು ಬಗ್ಗಲ್ಲ."

ಎರಡೂ ಒತ್ತಿದೆ. ಧಡ್ ಎಂದು ಅಲಗು ಇಳಿದು ಮೇಲೇರಿತು. ಕೈ ತೆಗೆಯದೆ, ಅವನತ್ತ ತಿರುಗದೆ ಹೇಳಿದೆ. "'ಹೋಗಬೇಡಿ ಅನ್ನಲು ನನಗೆ ಬಾಯಿ ಬರುತ್ತಿಲ್ಲ.' ಆ ಸಾಲು ಅದೇ."



"ಈಗ ಬಂತಲ್ಲ," ಎಂದ ಮೆಲ್ಲಗೆ.

"ಬಂತು. ಹೋಗಬೇಡಿ. ನಾನು ದಿನಾ ಬೆಳಿಗ್ಗೆ ಹಾಜರಿ ಪುಸ್ತಕ ತೆಗೆದು ಕಾಯೋದು ನಿಮಗೋಸ್ಕರ. ಉಳಿದವರು ಬಂದ್ರೂ ಅಷ್ಟೆ, ಬಿಟ್ರೂ ಅಷ್ಟೆ."

ಅವನು ಅಂಗೈಯ ಅಂಟನ್ನು ಏಪ್ರನ್ನಿಗೆ ಒರೆಸಿಕೊಂಡು, ಸಾಲದೆಂದು ಇನ್ನೊಮ್ಮೆ ಒರೆಸಿಕೊಂಡು, ಬಟನ್ ಮೇಲಿದ್ದ ನನ್ನ ಕೈ ಹಿಡಿದ.

"ಎರಡು ವರ್ಷದಿಂದ ವಾರಕ್ಕೊಂದ್ಸಲ ಅಂಟು ಖಾಲಿ ಅಂತ ಮೇಲೆ ಬರ್ತಿದ್ದೆನಲ್ಲ. ಒಂದು ಡಬ್ಬ ತಿಂಗಳಿಡೀ ಬರತ್ತೆ ರೀ."

"ಗೊತ್ತು. ತರಿಸೋಳು ನಾನೇ ಅಲ್ವಾ?"

ಇಬ್ಬರೂ ನಕ್ಕೆವು. ಅಷ್ಟರಲ್ಲಿ ಚಿಕ್ಕಪ್ಪ ಬಂದರು. ಅವನು ಕೈ ಬಿಟ್ಟ. ಅವರು ಕನ್ನಡಕ ಏರಿಸಿ ಒಂದು ಹಾಳೆ ಎತ್ತಿಕೊಂಡು ಹಿಂದುಮುಂದು ತಿರುಗಿಸಿದರು.

"ಫೋನ್ ನಂಬರ್ ಎಲ್ಲಮ್ಮ?"

"ಇವರು ಹೋಗ್ತಿಲ್ವಂತೆ ಚಿಕ್ಕಪ್ಪ."

"ಬಹಳ ಸಂತೋಷ. ನಂಬರ್ ಎಲ್ಲಿ?"

ಕೊನೆಗೆ ಆಫೀಸಿನ ವಿಳಾಸ, ಫೋನ್ ನಂಬರಿರುವ ರಬ್ಬರ್ ಸ್ಟಾಂಪು, ಇಂಕ್ ಪ್ಯಾಡು ತಂದು ಎದುರುಬದುರು ಕೂತೆವು. ಅವನು ಹಾಳೆ ಸರಿಸುವುದು, ನಾನು ಒತ್ತುವುದು. ಕತ್ತರಿಸಿದ ತುಂಡುಗಳನ್ನು ರದ್ದಿಗೆ ಹಾಕಲು ಅವನು ಬಿಡಲಿಲ್ಲ. "ಐನೂರು ಸಲ ಹೊಗಳಿದ್ದೀರಿ, ಹಾಗೆಲ್ಲ ಬಿಸಾಕೋಕಾಗತ್ತಾ?" ಎಂದು ದಾರದಲ್ಲಿ ಕಟ್ಟಿಟ್ಟುಕೊಂಡ.

ಐದಕ್ಕೆ ಸರಿಯಾಗಿ ಅವನ ಫೋನು ಬಡಿದುಕೊಂಡಿತು. ಎದ್ದು ಹೋಗದೆ ನನ್ನೆದುರಿಗೇ ಮಾತಾಡಿದ.

"ಇಲ್ಲ ಸಾರ್, ಬರೋಕಾಗಲ್ಲ. ಇಲ್ಲಿ ಹೋಗಬೇಡಿ ಅಂದ್ರು." ಆ ಕಡೆಯವರು ಏನೋ ಕೇಳಿದರು. ಅವನು ನನ್ನನ್ನೇ ನೋಡುತ್ತ ಹೇಳಿದ, "ಒಬ್ಬರೇ ಸಾರ್. ಸಾಕು."

ನನ್ನ ಕೈಯಲ್ಲಿದ್ದ ಸ್ಟಾಂಪು ಹಾಳೆಯ ಮೇಲೆ ತಲೆಕೆಳಗಾಗಿ ಒತ್ತಿಕೊಂಡಿತು. ಆ ಒಂದು ಹಾಳೆಯನ್ನು ನಾವು ಯಾವ ಗಿರಾಕಿಗೂ ಕಳಿಸಲಿಲ್ಲ.