ನೀರು ಕುಡಿದ ಗಚ್ಚು

"ಸುರ್ಕಿ ದಪ್ಪ ಅದ. ಜರಡಿ ಸರಿ ಹಿಡದಿಲ್ಲ ನೀ, ಬಡೇಬೀ," ಎಂದ ತೊಟ್ಟಿ ಕಟ್ಟುತ್ತಿದ್ದ ಗೌಂಡಿ ಮಾಳಿಂಗಪ್ಪ. "ನಾಳಿಂದ ಬರಬ್ಯಾಡ. ಬ್ಯಾರೆಯವರನ್ನ ಹಚ್ಚತೀನಿ."

ಅನ್ನಮ್ಮ ಸ್ಲೇಟನ್ನು ಎದೆಗವಚಿಕೊಂಡು ನಿಂತಿದ್ದಳು. ಶಾಲೆಯ ಹೊಸ ನೀರಿನ ತೊಟ್ಟಿಯ ಒಳಗೋಡೆಯಲ್ಲಿ ಕೂದಲೆಳೆಯಂಥ ಬಿರುಕುಗಳು.

ಅದು ಯುದ್ಧದ ಕಾಲ. ಮಾನ್ವಿಯಲ್ಲಿ ಸಿಮೆಂಟ್ ಸಿಗುತ್ತಿರಲಿಲ್ಲ. ಅದಕ್ಕೇ ಬಡೇಬೀ ಎಂಟು ದಿನ ಕೂತು ಒಡೆದ ಇಟ್ಟಿಗೆಗಳನ್ನು ಕುಟ್ಟಿ ಕೆಂಪು ಪುಡಿ ಮಾಡಿದ್ದಳು. ಆ ಪುಡಿಯೇ ಸುರ್ಕಿ. ಅದನ್ನು ಸುಣ್ಣದ ಜೊತೆ ಅರೆದು ಗಚ್ಚು ಮಾಡಿ, ಮಾಳಿಂಗಪ್ಪ ತೊಟ್ಟಿಗೆ ಬಳಿದಿದ್ದ. ಮೇಲೆ ಒದ್ದೆ ಗೋಣಿತಟ್ಟು ಹೊದಿಸಿದ್ದ.

ಆ ಒದ್ದೆ ಗೋಣಿ ನೋಡಿ ಅನ್ನಮ್ಮನಿಗೆ ಕಳವಳವಾಗಿತ್ತು. ಮನೆಯ ಮಾಳಿಗೆಗೆ ಮಣ್ಣು ಮೆತ್ತಿದರೆ ಅವ್ವ ಅದನ್ನು ಬಿಸಿಲಿಗೆ ಬಿಡುತ್ತಾಳೆ, ಹನಿ ನೀರು ಬಿದ್ದರೂ ಬೈಯುತ್ತಾಳೆ. ತೊಟ್ಟಿಯೂ ಬೇಗ ಒಣಗಲಿ ಎಂದು ಅನ್ನಮ್ಮ ರವಿವಾರ ಗೋಣಿಗಳನ್ನೆಲ್ಲ ತೆಗೆದಿಟ್ಟಿದ್ದಳು. ಸಂಜೆ ಯಾರೂ ಬರುವ ಮೊದಲೇ ಮತ್ತೆ ಹೊದಿಸಿದ್ದಳು.

ಈಗ ಬಡೇಬೀ ಜರಡಿ ಜಾಡಿಸಿ ಹೊರಟಳು.

"ಮಾವಾ, ಆಕಿ ತಪ್ಪಿಲ್ರಿ." ಅನ್ನಮ್ಮ ಮುಂದೆ ಬಂದು ನಿಂತಳು. "ನಿನ್ನಿ ಗೋಣಿ ನಾ ತಗದಿದ್ದೆ. ಲಗೂನ ಒಣಗಲಿ ಅಂತ."

ಮಾಳಿಂಗಪ್ಪ ಆಕೆಯನ್ನೇ ನೋಡಿದ. "ಒಣಗಿದ್ರ ಸಾಯ್ತದ ಬೇ ಅದು. ಈ ಗಚ್ಚು ನೀರು ಕುಡದ ಗಟ್ಟಿ ಆಗೋದು." ಆಮೇಲೆ ದನಿ ತಗ್ಗಿಸಿದ. "ಬಡೇಬೀ, ಜರಡಿ ಇಳಸು. ಇದನ್ನ ಕೆತ್ತಿ ಹೊಸದು ಬಳಿಯೋಣು."

ಆ ತಿಂಗಳೆಲ್ಲ ಅನ್ನಮ್ಮ ಶಾಲೆಯ ಮೊದಲು, ಶಾಲೆಯ ನಂತರ ಗೋಣಿಗಳಿಗೆ ನೀರು ಚಿಮುಕಿಸಿದಳು. ಒಮ್ಮೆ ಬಡೇಬೀ ಮೆಲ್ಲಗೆ ಹೇಳಿದಳು: "ಅವತ್ತು ಸಂಜಿ ನೀರು ಹಾಕಾಕ ಬಂದಾಗ ಗೋಣಿ ಒಣಗಿ ಸುಡಾಕತ್ತಿದ್ವು. ಸುಣ್ಣದ ಪುಡಿ ಮ್ಯಾಲೆ ಸಣ್ಣ ಸಣ್ಣ ಹೆಜ್ಜಿ. ಕಸಬರಿಗಿ ತಗೊಂಡು ಅಳಿಸಿಬಿಟ್ಟೆ."

"ಮತ್ತ ಮಾವಗ ಯಾಕ ಹೇಳಲಿಲ್ಲ?"

"ಕೂಸಿನ ಹೆಜ್ಜಿ ಅವು, ಬೇಟಿ," ಎಂದಳು ಬಡೇಬೀ. ಇಷ್ಟೇ ಸಾಕೆನ್ನುವಂತೆ ಕೊಡ ಎತ್ತಿಕೊಂಡಳು.

ತೊಟ್ಟಿ ತುಂಬಿದ ದಿನ ಮಕ್ಕಳೆಲ್ಲ ಮುತ್ತಿಕೊಂಡರು. ಅನ್ನಮ್ಮ ಭುಜದವರೆಗೆ ಕೈ ಇಳಿಬಿಟ್ಟು ಗೋಡೆಯನ್ನು ಉಗುರಿನಿಂದ ಕೆರೆದಳು. ಒಂದಿಷ್ಟೂ ಏಳಲಿಲ್ಲ. ಒಡೆದ ಇಟ್ಟಿಗೆ, ಪುಡಿಯಾದ ಇಟ್ಟಿಗೆ, ತಣ್ಣೀರಿನೊಳಗೆ ಬಂಡೆಯಾಗಿ ನಿಂತಿತ್ತು.

ಎಲ್ಲರ ಹಿಂದೆ ಬಡೇಬೀ ನಿಂತಿದ್ದಳು. ಅನ್ನಮ್ಮ ಆಕೆಯ ಒರಟು ಕೈ ಹಿಡಿದು ತಂದು, ನೀರಿನೊಳಗೆ ಆ ಗೋಡೆಗೆ ಮುಟ್ಟಿಸಿದಳು.