ಫ್ಲಾಪಿ ಕವರಿನಲ್ಲಿಟ್ಟ ಚೀಟಿ

"ಸುಳ್ಳು!"

ಕಾಂದಿವಲಿಯ ಇಂಡಸ್ಟ್ರಿಯಲ್ ಎಸ್ಟೇಟಿನ ಆ ಆಫೀಸಿನಲ್ಲಿ ಎಲ್ಲರೂ ತಿರುಗಿ ನೋಡಿದರು. ಒಂದು ವರ್ಷದಿಂದ 'ಹೂಂ', 'ಉಹೂಂ' ಬಿಟ್ಟು ಬೇರೇನೂ ಆಡದ ವನಮಾಲಾ ಎದ್ದು ನಿಂತಿದ್ದಳು!

ಎದುರಿಗೆ ಸಹೋದ್ಯೋಗಿ ಜಯಸಿಂಹ.

ಬ್ಯಾಂಕಿನ ಶಾಖೆಗಳು ಕಳಿಸುವ ಸಂದೇಶಗಳನ್ನು ಗೂಢಲಿಪಿಗೆ ತಿರುಗಿಸುವ ಪ್ರೋಗ್ರಾಂ ಬರೆಯುವುದು ಆ ಆಫೀಸಿನವರ ಕೆಲಸ. ನಿನ್ನೆ ತನ್ನ ಉದ್ದವನ್ನೇ ತಪ್ಪಾಗಿ ಹೇಳುವ ಒಂದು ಸಂದೇಶ ಬಂದಿತ್ತು. ಬಾರದ ಅಕ್ಷರಗಳಿಗಾಗಿ ಕಾಯುತ್ತಾ ಕಂಪ್ಯೂಟರ್ ನಿಂತೇಬಿಟ್ಟಿತು. ಹಿಂದಿದ್ದ ಸಂದೇಶಗಳೆಲ್ಲ ಅಲ್ಲೇ ಬಾಕಿ! ಇಂದು ಜಯಸಿಂಹ ಅದನ್ನು ಸರಿಪಡಿಸಿದ್ದ.

"ಯಾರಿಗೂ ಹೊಳೆಯದ ದೋಷ ಕಣಯ್ಯಾ!" ಎಂದು ಮ್ಯಾನೇಜರ್ ರಾಮಸ್ವಾಮಿ ಅವನ ಬೆನ್ನು ತಟ್ಟಿದ್ದರು.

"ನನಗೆ ಹೊಳೆದಿತ್ತು ಸರ್! ತಿಂಗಳ ಹಿಂದೆಯೇ ಚೀಟಿ ಬರೆದು ಇವರ ಫ್ಲಾಪಿ ಕವರಿನಲ್ಲಿ ಇಟ್ಟಿದ್ದೆ!"

"ನನಗೆ ಯಾವ ಚೀಟೀನೂ ಸಿಕ್ಕಿಲ್ಲ ರೀ..." ಜಯಸಿಂಹ ತಬ್ಬಿಬ್ಬಾದ.

"ಬಾಯಲ್ಲಿ ಹೇಳೋಕೇನಾಗಿತ್ತಮ್ಮಾ?" ರಾಮಸ್ವಾಮಿ ನಕ್ಕರು.

"ಹೇಳೋಕೆ ಬಂದ್ರೆ 'ಮೊದ್ಲು ಟೈಪಿಂಗ್ ಮುಗ್ಸು' ಅಂತೀರಲ್ಲ ಸರ್! ನಾನೂ ಬಿ.ಎಸ್ಸಿ. ಓದಿದವಳೇ!"

ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು.

ಗೇಟಿನ ಚಹಾದಂಗಡಿಯ ಬಳಿ ಅರ್ಧ ಗಂಟೆ ನಿಂತು ಎರಡು ಚಹಾ ಕುಡಿದರೂ ಸಿಟ್ಟು ಇಳಿಯದೆ ಮನೆಯತ್ತ ಹೊರಟಳು. ಕಳ್ಳ! ಅವನೊಬ್ಬನಾದರೂ ಬೇರೆ ಅಂದುಕೊಂಡಿದ್ದೆನಲ್ಲ...

"ವನಮಾಲಾ! ನಿಲ್ರೀ!"

ಜಯಸಿಂಹ ಏದುಸಿರು ಬಿಡುತ್ತಾ ಓಡಿ ಬಂದ. ಕೈಯಲ್ಲಿ ಅದೇ ಚೀಟಿ!

"ನಲವತ್ತು ಕವರ್ ಕೊಡವಿದೆ. ಕೈಗೆ ಸಿಕ್ಕ ಕವರಿಗೆ ಫ್ಲಾಪಿ ತುರುಕೋ ಆಫೀಸು ನಮ್ದು. ಇದು ಸಿಕ್ಕಿದ್ದು ಸರ್ ಚೆಸ್ ಆಡೋ ಫ್ಲಾಪಿಯ ಕವರಲ್ಲಿ!"

ಅವಳು ಚೀಟಿ ತೆಗೆದುಕೊಂಡು ನೋಡಿದಳು. ತನ್ನದೇ ಅಕ್ಷರ!

"ನಾನು ಸಂದೇಶ ಹೇಳೋ ಉದ್ದ ಜಾಸ್ತಿ ಇದ್ರೆ ಮಾತ್ರ ತಡೆದಿದ್ದೆ. ಉದ್ದ ಸೊನ್ನೆ ಅಂತ ಬಂದ್ರೂ ಕಂಪ್ಯೂಟರ್ ಅಲ್ಲೇ ಸುತ್ತುತ್ತೆ ಅಂತ ನೀವು ಬರ್ದಿದ್ದೀರಲ್ಲ... ಸರ್ ಎದುರಿಗೇ ಸೊನ್ನೆ ಕೊಟ್ಟೆ. ಮತ್ತೆ ನಿಂತೋಯ್ತು! ಪ್ರೋಗ್ರಾಂ ಫೈಲಿನ ತಲೇಲಿ ನನ್ನ ಹೆಸರು ಅಳಿಸಿ ನಿಮ್ಮದು ಹಾಕ್ದೆ. ಅದನ್ನ ಸರ್ ಬಾಯಲ್ಲೇ ಓದಿಸ್ದೆ."

ಅವಳ ಕಣ್ಣು ತುಂಬಿತು.

"ಕೊನೇ ಸಾಲು ಮಾತ್ರ ಹೊಡೆದುಹಾಕಿದ್ದೀರಿ... ಬೆಳಕಿಗೆ ಹಿಡಿದ್ರೆ ಕಾಣತ್ತೆ."

ಅಯ್ಯೋ! ಅದನ್ನು ಮರೆತೇಬಿಟ್ಟಿದ್ದಳು. 'ಇಲ್ಲಿ ಎದುರಿಗಿದ್ದವರ ಮುಖ ನೋಡಿ ಮಾತು ಕೇಳುವವರು ನೀವೊಬ್ಬರೇ. ಅದಕ್ಕೇ ನೀವು ನನಗೆ ಇಷ್ಟ.'

"ಇದನ್ನ... ಬಾಯಲ್ಲಿ ಹೇಳ್ತೀರಾ?" ಅವನ ದನಿ ಇಳಿದಿತ್ತು. "ತಿಂಗಳು ತಡವಾಯ್ತು. ಆದ್ರೆ ನನ್ನ ಉತ್ತರಾನೂ ಅದೇ."

ಮುಖ ಕೆಂಪಾದರೂ ಅವಳು ತಲೆ ತಗ್ಗಿಸಲಿಲ್ಲ.

"ಮೊದ್ಲು ಸೊನ್ನೆಯದ್ದು ಸರಿಮಾಡೋಣ. ಹೇಳೋದು ಆಮೇಲೆ!"

"ಆಯ್ತು. ನೀವು ಹೇಳಿ..." ಅವನು ನಕ್ಕ. "ಟೈಪಿಂಗ್ ನಾನು ಮಾಡ್ತೀನಿ."