ಮರಕ್ಕೆ ಕಟ್ಟಿದ ಉರುಳು

"ಕಾಡಂಚಿನ ಒಣಮರಕ್ಕೆ ಒಂದು ತಂತಿ ಉರುಳು ಕಟ್ಟಿದೆ. ಅದನ್ನ ಮಾತ್ರ ಮುಟ್ಟಬೇಡಿ ಡಾಕ್ಟ್ರೇ," ಎಂದಳು ವಸತಿಗೃಹ ನಡೆಸುವ ಅಜ್ಜಿ. "ಅದು ಪ್ರಾಣಿಗೆ ಇಟ್ಟಿದ್ದಲ್ಲ. ನಮ್ಮ ಮನೆ ಮೇಲೆ ಯಾರೋ ಮಾಡಿಸಿದ ಮಾಟ. ಈ ಮನೇಲಿ ತಂಗಿದವರನ್ನೂ ಬಿಡದೆ ಉಸಿರು ಕಟ್ಟಿಸಿ ಕೊಲ್ಲುತ್ತೆ. ಪಡಬಾರದ ಪಾಡು ಪಟ್ಟು ಅಲ್ಲಿ ಕಟ್ಟಿ ಹಾಕಿದ್ದೀವಿ."

ಪಶುವೈದ್ಯ ನಕ್ಕ. "ಮಾಟಕ್ಕೂ ತಂತಿ ಬೇಕಾ ಅಜ್ಜಿ? ಈಗೆಲ್ಲ ವೈರ್‌ಲೆಸ್ ಅಲ್ವಾ?"

ಮಗಳೂ ನಕ್ಕಳು. ಅಪ್ಪ ನಕ್ಕಿದ್ದಕ್ಕೆಲ್ಲ ನಗುವ ವಯಸ್ಸು ಅವಳದು. ಜಿಂಕೆ ತೋರಿಸುತ್ತೇನೆಂದು ರಾಷ್ಟ್ರೀಯ ಉದ್ಯಾನದ ಪಕ್ಕದ ಈ ಪುಟ್ಟ ಬೆಟ್ಟದೂರಿಗೆ ಅವಳನ್ನು ಕರೆತಂದಿದ್ದ.

ಉರುಳು ಕಂಡರೆ ಕತ್ತರಿಸದೆ ಬಿಡುವ ಜಾಯಮಾನ ಅವನದಲ್ಲ. ಉರುಳಿಗೆ ಸಿಕ್ಕ ಎಷ್ಟೋ ಪ್ರಾಣಿಗಳಿಗೆ ಹೊಲಿಗೆ ಹಾಕಿದ ಕೈ ಅದು. ಇಕ್ಕಳ ಸದಾ ಜೇಬಿನಲ್ಲಿರುತ್ತಿತ್ತು. ಇಳಿಹೊತ್ತಿನ ಮಂಜಿನಲ್ಲಿ ಆ ಮರ ಸಿಕ್ಕಿತು. ತುಕ್ಕು ತಂತಿಗೆ ಕೂದಲು ಸುತ್ತಿತ್ತು. ಕೊಳೆತ ರಕ್ತದ ವಾಸನೆ. ಕಳ್ಳಬೇಟೆಯವರು ಹಬ್ಬಿಸಿದ ಕಟ್ಟುಕತೆ ಎಂದುಕೊಂಡ. ಮಗಳು ನೋಡುತ್ತಿದ್ದಾಳೆಂಬ ಜಂಬ ಬೇರೆ. ಟಕ್ಕನೆ ಕತ್ತರಿಸಿದ.

ಹಕ್ಕಿಗಳೆಲ್ಲ ಒಮ್ಮೆಗೇ ಸುಮ್ಮನಾದವು.

"ಅಪ್ಪಾ, ಕುತ್ತಿಗೆ ಬಿಗೀತಿದೆ."

ವಸತಿಗೃಹ ಮುಟ್ಟುವಷ್ಟರಲ್ಲಿ ಅವಳ ತುಟಿ ನೀಲಿಗಟ್ಟಿತ್ತು. ಕೊರಳ ಸುತ್ತ ತಂತಿಯ ಗೆರೆ. ಮುಟ್ಟಿದರೆ ಏನೂ ಇಲ್ಲ. ಅವನ ವಿದ್ಯೆಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಕೈಯಾರೆ ಮಗಳ ಕೊರಳಿಗೆ ಉರುಳು ಹಾಕಿದೆನಲ್ಲ ಎಂದು ಕರುಳು ಕಿತ್ತು ಬಂತು.

ಅಜ್ಜಿ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು. ಟಾರ್ಚ್ ಹಿಡಿದು ಕಾಡಿನತ್ತ ಹೊರಟಳು. ಮಗಳನ್ನು ಎತ್ತಿಕೊಂಡು ಅವನು ಹಿಂದೆ ಓಡಿದ.

"ಬಿಚ್ಚಿದ ಕೈಯೇ ಮತ್ತೆ ಕಟ್ಟಬೇಕು. ಗಂಟು ಹಾಕೋವಾಗ ಯಾರ ಉಸಿರು ಕೊಡ್ತೀನಿ ಅಂತ ಬಾಯಿಬಿಟ್ಟು ಹೇಳಬೇಕು."

"ಯಾರದು?"

"ನಮ್ಮ ಯಜಮಾನ್ರು ಅವತ್ತು ತಮ್ಮದೇ ಕೊಟ್ರು," ಎಂದಳಷ್ಟೆ. ಮರದ ಬುಡದಲ್ಲಿ ಕೂತು, ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ತನ್ನ ಶಾಲು ಹೊದಿಸಿದಳು. "ಒಂಚೂರು ತಡ್ಕೋ ಕೂಸೇ."

ಅವನು ತಂತಿ ತಿರುಚಿದ. ನನ್ನದು. ನನ್ನದೇ. ಮಾತು ನಾಲಿಗೆಯ ತುದಿಗೆ ಬಂತು. ಮಗಳ ಎದೆ ಏಳಲಿಲ್ಲ. ಹೇಳು. ಕತ್ತಲು ಕಿವಿಯ ಪಕ್ಕ ಉಸಿರಾಡಿತು. ಬಿಸಿ ಉಸಿರು. ರಕ್ತದ ನಾತ. ಹೇಳು.

"ಈ ಅಜ್ಜೀದು."

ಗಂಟು ತಾನಾಗಿ ಬಿಗಿಯಿತು. ಅಜ್ಜಿ ತಲೆಯೆತ್ತಿ ಅವನನ್ನು ನೋಡಿದಳು. ಆ ಮುಖದಲ್ಲಿ ಆಶ್ಚರ್ಯವಿರಲಿಲ್ಲ, ಬರೀ ಬೇಸರ. ಹಾಗೇ ಮರಕ್ಕೆ ಒರಗಿದಳು.

ಮಗಳು ಕೆಮ್ಮುತ್ತ ಎದ್ದು ಕೂತಳು. "ಅಜ್ಜಿ ಯಾಕೆ ಅಲ್ಲಾಡ್ತಿಲ್ಲ?"

"ಸುಸ್ತಾಗಿದೆ ಕಣೇ ಪುಟ್ಟಿ. ಮಲಗಿದಾರೆ."

"ಸುಳ್ಳು. ನೀನು ಹೇಳಿದ್ದು ನಂಗೆ ಕೇಳಿಸ್ತು."

ಅವನು ಎತ್ತಿಕೊಳ್ಳಲು ಕೈ ಚಾಚಿದ. ಅವಳು ಹಿಂದೆ ಸರಿದು, ಸತ್ತ ಮುದುಕಿಯ ಮಗ್ಗುಲಿಗೆ ಅಂಟಿಕೊಂಡಳು.